ಹಳೆಯ ಗಣಕದ ಕನ್ನಡ ಪ್ರತಿಗಳು: ಹೊಸ ಯಂತ್ರದೊಳಗೆ ಹಳೆಯ ವ್ಯವಸ್ಥೆಯನ್ನು ನಡೆಯಿಸುವ ಕ್ರಮ

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲಾದಿ ಸಿದ್ಧಾಂತಗ್ರಂಥಗಳ ಓಲೆಗಳು ಎಂದೂ ಕಳೆದುಹೋಗಿರಲಿಲ್ಲ. ಶತಮಾನಗಳ ಕಾಲ ಅವು ಅಲ್ಲಿಯೇ ಭದ್ರವಾಗಿದ್ದುವು, ಪೂಜೆಗೊಳ್ಳುತ್ತಲೂ ಇದ್ದುವು. ಕಡಮೆಯಾದದ್ದು ಓದುಗರ ಸಂಖ್ಯೆ. ಹಳೆಯ ಕನ್ನಡ ಲಿಪಿಯಲ್ಲಿ ಬರೆದ ಪ್ರಾಕೃತವನ್ನು ಸಲೀಸಾಗಿ ಓದಿ ಪ್ರತಿ ಮಾಡಬಲ್ಲವರು 19ನೆಯ ಶತಮಾನದ ಕೊನೆಯ ಹೊತ್ತಿಗೆ ತೀರ ವಿರಳರಾಗಿದ್ದರು. 1896ರ ಸುಮಾರಿಗೆ ತೊಡಗಿದ ಪ್ರತಿಕಾರ್ಯವು ದೀರ್ಘಕಾಲ ನಡೆದು, ಕೊನೆಗೆ 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಷಟ್ಖಂಡಾಗಮದ ಮೊದಲ ಸಂಪುಟ ಬೆಳಕು ಕಂಡಿತು. ಗ್ರಂಥ ಉಳಿದರೆ ಸಾಲದು, ಅದನ್ನು ಓದುವ ಸಾಧನವೂ ಉಳಿಯಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತವನ್ನು ಹುಡುಕಬೇಕಾಗಿಲ್ಲ.

ಅದೇ ಸ್ಥಿತಿ ಈಗ ಬೇರೊಂದು ರೂಪದಲ್ಲಿ ಒದಗಿದೆ. 1990ರಿಂದ 2010ರವರೆಗಿನ ಸುಮಾರು ಎರಡು ದಶಕಗಳಲ್ಲಿ ಕನ್ನಡ ನಾಡಿನ ಮಠಗಳು, ಸಂಶೋಧನ ಸಂಸ್ಥೆಗಳು, ವಿದ್ವಾಂಸರ ಮನೆಗಳು ತಮ್ಮ ಹಸ್ತಪ್ರತಿಸೂಚಿಗಳನ್ನೂ ಪಾಠಾಂತರಸಹಿತವಾದ ಸಂಪಾದನೆಗಳನ್ನೂ ಗಣಕಯಂತ್ರದಲ್ಲಿ ಅಕ್ಷರ ಜೋಡಿಸಿ ಸಿದ್ಧಪಡಿಸಿದುವು. ಅಚ್ಚಾದುವು ಪುಸ್ತಕರೂಪದಲ್ಲಿ ಉಳಿದಿವೆ. ಅಚ್ಚಾಗದೆ ಉಳಿದ ಕರಡುಗಳು ಮತ್ತು ಅಚ್ಚಿನಲ್ಲಿ ಕೈಬಿಟ್ಟ ಅಡಿಟಿಪ್ಪಣಿಗಳು ಮಾತ್ರ ಫ್ಲಾಪಿಗಳಲ್ಲಿಯೋ ಕಾಂಪ್ಯಾಕ್ಟ್ ಡಿಸ್ಕುಗಳಲ್ಲಿಯೋ ಇವೆ. ಅವುಗಳನ್ನು ಇಂದಿನ ಗಣಕದಲ್ಲಿ ತೆರೆಯಲು ಹೋದವರಿಗೆ ಕಾಣುವುದು ಕನ್ನಡವಲ್ಲ, ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳು. ಕೆಲವೊಮ್ಮೆ ಕಡತವೇ ತೆರೆಯುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮಲೆಸೀಮೆಯಲ್ಲಿ ಈ ಪ್ರಶ್ನೆ ಇನ್ನಷ್ಟು ತುರ್ತಿನದು. ಸ್ವಾದಿಯ ಜೈನಮಠದಿಂದಾಗಿ ಈ ಪ್ರದೇಶ ನಮ್ಮ ಶಾಸ್ತ್ರಪರಂಪರೆಗೆ ಪರಿಚಿತವಾದದ್ದು. ಯಲ್ಲಾಪುರ ತಾಲ್ಲೂಕಿನ ಉಮ್ಮಚಗಿಯಾದರೋ ಸಂಸ್ಕೃತ ಪಾಠಶಾಲೆಯಿಂದ ಹೆಸರಾದ ಊರು. ಇಂಥ ಊರಿನ ಒಂದು ಅಡಕೆ ತೋಟದ ಮನೆಯಲ್ಲಿ, ಅಟ್ಟದ ಮೇಲಿನ ಮರದ ಪೆಟ್ಟಿಗೆಯೊಳಗೆ, 2002ರಲ್ಲಿ ಅಕ್ಷರ ಜೋಡಿಸಿದ ಒಂದು ಹಳಗನ್ನಡ ಕಾವ್ಯದ ಸಂಪಾದನೆ ಹತ್ತು ಡಿಸ್ಕುಗಳಲ್ಲಿ ಇದೆಯೆಂದು ಇಟ್ಟುಕೊಳ್ಳೋಣ. ಅದೇ ಅಟ್ಟದಲ್ಲಿ ಓಲೆಯ ಕಟ್ಟೊಂದು ಇದ್ದರೆ ಒಲೆಯ ಹೊಗೆಯೂ ಮಜ್ಜಿಗೆಹುಲ್ಲಿನ ಎಣ್ಣೆಯೂ ಅದನ್ನು ಇನ್ನೂರು ವರ್ಷ ಕಾಯಬಲ್ಲುವು. ಡಿಸ್ಕಿಗೆ ಅಂಥ ರಕ್ಷೆಯಿಲ್ಲ. ಆಷಾಢ ಶ್ರಾವಣಗಳ ಥಂಡಿಗೆ ಅದರ ಮೇಲೆ ಬೂಷ್ಟು ಹಬ್ಬುತ್ತದೆ. ಆದಕಾರಣ ಮಾಡಬೇಕಾದ ಮೊದಲ ಕೆಲಸ, ಡಿಸ್ಕು ಫ್ಲಾಪಿಗಳಲ್ಲಿರುವುದನ್ನು ಒಂದಕ್ಷರ ಬಿಡದೆ ಪೂರ್ಣಪ್ರತಿರೂಪವಾಗಿ ಹೊಸ ಸಂಗ್ರಹಕ್ಕೆ ಎತ್ತಿಕೊಳ್ಳುವುದು. ಓದುವ ಮಾತು ಆಮೇಲಿನದು.

ಕಡತ ಏಕೆ ಓದಲಾಗುವುದಿಲ್ಲವೆಂಬುದನ್ನು ಮೊದಲು ತಿಳಿಯಬೇಕು. ಆ ಕಾಲದ ಗಣಕದಲ್ಲಿ ಒಂದು ಅಕ್ಷರಕ್ಕೆ ದೊರೆಯುತ್ತಿದ್ದುದು 256 ಸಂಖ್ಯೆಗಳ ಒಂದು ಸ್ಥಾನಪಟ್ಟಿ. ಅದರಲ್ಲಿ ಅರ್ಧ ಇಂಗ್ಲಿಷ್ ಅಕ್ಷರಗಳಿಗೆ ಮೊದಲೇ ಮೀಸಲಾಗಿತ್ತು. ಕನ್ನಡದ ಅಕ್ಷರರೂಪಗಳನ್ನು ತಯಾರಿಸಿದವರು ಆ ಸ್ಥಾನಗಳಲ್ಲಿಯೇ ಕನ್ನಡದ ತುಂಡುಗಳನ್ನು ಕುಳ್ಳಿರಿಸಿದರು: ಒಂದೆಡೆ ಕಕಾರದ ಒಡಲು, ಇನ್ನೊಂದೆಡೆ ತಲೆಕಟ್ಟು, ಮತ್ತೊಂದೆಡೆ ಒತ್ತು, ಬೇರೊಂದೆಡೆ ಅರ್ಕಾವೊತ್ತು. ಕಡತದಲ್ಲಿ ದಾಖಲಾಗುವುದು ಈ ಸಂಖ್ಯೆಗಳು ಮಾತ್ರ. ಅವುಗಳಿಗೆ ಕನ್ನಡದ ಮುಖವನ್ನು ಕೊಡುವುದು ಅಕ್ಷರರೂಪದ ಫಾಂಟು. ಫಾಂಟು ಇಲ್ಲವಾದರೆ ಅದೇ ಸಂಖ್ಯೆ ರೋಮನ್ ಅಕ್ಷರವಾಗಿಯೇ ತೋರುತ್ತದೆ. ಬೇರೆ ಸಂಸ್ಥೆಯ ಫಾಂಟನ್ನು ತೊಡಿಸಿದರೆ ಕನ್ನಡವೇನೋ ಕಾಣುತ್ತದೆ, ಆದರೆ ತಪ್ಪು ಕನ್ನಡ. ಒಬ್ಬರು ಒತ್ತನ್ನಿಟ್ಟ ಸ್ಥಾನದಲ್ಲಿ ಇನ್ನೊಬ್ಬರು ಸ್ವರಚಿಹ್ನೆಯನ್ನಿಟ್ಟಿರಬಹುದು.

ಪ್ರಾಕೃತ ಪ್ರತಿಗಳನ್ನು ಓದಿದವರಿಗೆ ಇದು ಹೊಸತಲ್ಲ. ದಕ್ಷಿಣದ ಓಲೆಗಳಲ್ಲಿ ವ್ಯಂಜನದ ಹಿಂದೆ ಬರುವ ಸೊನ್ನೆಯು ಅನುಸ್ವಾರವಾಗಿರದೆ ಮುಂದಿನ ವ್ಯಂಜನದ ದ್ವಿತ್ವವನ್ನು ಸೂಚಿಸುವುದುಂಟು. ಆ ಸಂಕೇತವನ್ನು ಅರಿಯದವನು 'ದವ್ವ'ವನ್ನು 'ದಂವ'ವೆಂದು ಬರೆದುಕೊಳ್ಳುತ್ತಾನೆ. ದ್ರವ್ಯವೆಂಬ ಅರ್ಥವೇ ಅಲ್ಲಿ ಹಾರಿಹೋಗುತ್ತದೆ. ಚಿಹ್ನೆ ಒಂದೇ, ಅದನ್ನು ಯಾವ ವಾಡಿಕೆಯಂತೆ ಓದಬೇಕೆಂಬ ತಿಳಿವಳಿಕೆ ಓಲೆಯಲ್ಲಿಲ್ಲ, ಓದುವವನಲ್ಲಿದೆ. ಫಾಂಟೆಂಬುದು ಅಂಥ ಓದುಗ.

ಕನ್ನಡಕ್ಕೆ ಇಂಥ ಓದುಗರು ಹಲವರಾದರು. ಕೆ. ಪಿ. ರಾವ್ ಅವರು ರೂಪಿಸಿದ ತಂತ್ರಾಂಶಕ್ಕೆ ಸೇಡಿಯಾಪು ಕೃಷ್ಣಭಟ್ಟರ ಹೆಸರಿತ್ತು. ಅವರ ಕೀಲಿಮಣೆಯ ವಿನ್ಯಾಸವೇ ಮುಂದೆ ಬಹುಮಾನ್ಯವಾಯಿತು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಅನಂತರದ್ದು. ಬರಹ ಮತ್ತು ನುಡಿಗಳು ಬಹುಮಟ್ಟಿಗೆ ಒಂದೇ ಸ್ಥಾನಕ್ರಮವನ್ನು ಅನುಸರಿಸಿದುದು ದೊಡ್ಡ ಉಪಕಾರವಾಯಿತು. ಅಚ್ಚುಕೂಟಗಳು ಬಳಸಿದ ವಾಣಿಜ್ಯ ತಂತ್ರಾಂಶಗಳಲ್ಲಿ ಆ ಐಕ್ಯ ಇರಲಿಲ್ಲ. ಇದೇ ಕಾಲದಲ್ಲಿ ಲೋಕದ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸ್ಥಾನ ಕೊಡುವ ಯುನಿಕೋಡ್ ಎಂಬ ಏರ್ಪಾಡು 1991ರಲ್ಲಿ ಪ್ರಕಟವಾಗಿತ್ತು. ಆದರೆ ಮೈಕ್ರೋಸಾಫ್ಟಿನ ವ್ಯವಸ್ಥೆಗಳಲ್ಲಿ ಅದರ ಕನ್ನಡ ಮೊದಲು ಕಾಣಿಸಿದ್ದು 2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ, 'ತುಂಗಾ' ಎಂಬ ಫಾಂಟಿನೊಡನೆ. ಪುಟ ಜೋಡಿಸುವ ಪೇಜ್‌ಮೇಕರ್ ಮೊದಲಾದ ತಂತ್ರಾಂಶಗಳು ಆಗಲೂ ಹಳೆಯ ದಾರಿಯಲ್ಲಿಯೇ ನಡೆದುವು.

ಹಾಗಾದರೆ ಹಳೆಯ ಫಾಂಟನ್ನೇ ಹೊಸ ಗಣಕದಲ್ಲಿ ಅಳವಡಿಸಿದರೆ ಸಾಲದೆ? ಹಲವು ಸಂದರ್ಭಗಳಲ್ಲಿ ಸಾಲುತ್ತದೆ, ಇದನ್ನು ಮುಚ್ಚಿಡಬೇಕಾಗಿಲ್ಲ. ನುಡಿ ಅಥವಾ ಬರಹದಲ್ಲಿ ಬರೆದು ವರ್ಡ್ ಕಡತವಾಗಿ ಉಳಿಸಿದ ಲೇಖನವು, ಟ್ರೂಟೈಪ್ ಜಾತಿಯ ಆ ಫಾಂಟು ಕೈಯಲ್ಲಿದ್ದರೆ, ಇಂದಿಗೂ ಸರಿಯಾಗಿ ಕಾಣುತ್ತದೆ. ಅಂಥದಕ್ಕೆ ಮುಂದೆ ಹೇಳುವ ಸಾಹಸವೆಲ್ಲ ಅನಾವಶ್ಯಕ. ನಲವತ್ತು ಪುಟದ ಬರೆಹವಾದರೆ ಅಚ್ಚಿನ ಪ್ರತಿಯನ್ನು ನೋಡಿ ಹೊಸದಾಗಿ ಬೆರಳಚ್ಚು ಮಾಡುವುದೇ ಲೇಸು. ತೊಡಕು ಬರುವುದು ಬೇರೆಡೆ. ಪೇಜ್‌ಮೇಕರಿನ ಕೊನೆಯ ಆವೃತ್ತಿಯಾದ ಏಳನೆಯದು ಬಂದದ್ದು 2001ರಲ್ಲಿ. ಅದರ ಕಡತಗಳನ್ನು ಈಗಿನ ಹಲವು ಪುಟವಿನ್ಯಾಸ ತಂತ್ರಾಂಶಗಳು ತೆರೆಯುವುದಿಲ್ಲ. ಟೈಪ್ ಒನ್ ಜಾತಿಯ ಫಾಂಟುಗಳಿಗೆ ಅಡೋಬಿ ಸಂಸ್ಥೆಯು 2023ರ ಜನವರಿಯಿಂದ ತನ್ನ ತಂತ್ರಾಂಶಗಳಲ್ಲಿ ಎಡೆಯಿಲ್ಲದಂತೆ ಮಾಡಿತು. ಹದಿನಾರು ಬಿಟ್ಟಿನ ಕಾಲದ ತಂತ್ರಾಂಶಗಳು ಈಗಿನ ಅರುವತ್ತನಾಲ್ಕು ಬಿಟ್ಟಿನ ವಿಂಡೋಸಿನಲ್ಲಿ ನಡೆಯಲಾರವು. ಮೂರು ಸ್ತರದ ಅಡಿಟಿಪ್ಪಣಿಯುಳ್ಳ ಆರುನೂರು ಪುಟದ ಸಂಪಾದನೆ ಇಂಥ ಕಡತದಲ್ಲಿದ್ದರೆ, ಅದನ್ನು ಬರೆದ ತಂತ್ರಾಂಶ, ಅದರ ಫಾಂಟು, ಅವೆರಡನ್ನೂ ನಡೆಯಿಸುತ್ತಿದ್ದ ಕಾರ್ಯಾಚರಣ ವ್ಯವಸ್ಥೆ ಈ ಮೂರೂ ಒಟ್ಟಿಗೆ ಬೇಕು.

ಹಳೆಯ ಗಣಕವನ್ನೇ ಕಾಯ್ದಿಡುವುದು ಒಂದು ದಾರಿ. ಆದರೆ ಇಪ್ಪತ್ತು ವರ್ಷದ ಯಂತ್ರದ ಬಿಡಿಭಾಗ ಯಲ್ಲಾಪುರದಲ್ಲಿಯೂ ಸಿಕ್ಕದು, ಹುಬ್ಬಳ್ಳಿಯಲ್ಲಿಯೂ ಸಿಕ್ಕದು. ಇನ್ನೊಂದು ದಾರಿಯೇ ವರ್ಚುಯಲ್ ಯಂತ್ರ, ಎಂದರೆ ಆಭಾಸಯಂತ್ರ. ಹೊಸ ಗಣಕದೊಳಗೆ ಒಂದು ತಂತ್ರಾಂಶವು ಇಲ್ಲದಿರುವ ಗಣಕವೊಂದನ್ನು ಇರುವಂತೆ ತೋರಿಸುತ್ತದೆ. ಅದಕ್ಕೆ ತನ್ನದೇ ಸ್ಮೃತಿಯ ಪಾಲು, ತನ್ನದೇ ಡಿಸ್ಕು, ತನ್ನದೇ ತೆರೆ. ಆ ಡಿಸ್ಕು ವಾಸ್ತವದಲ್ಲಿ ಹೊಸ ಗಣಕದ ಒಂದು ದೊಡ್ಡ ಕಡತವಷ್ಟೆ. ಹೊರಗಿನದನ್ನು ಆತಿಥೇಯವೆಂದೂ ಒಳಗಿನದನ್ನು ಅತಿಥಿಯೆಂದೂ ಕರೆಯುವುದು ರೂಢಿ. ಒಳಗೆ ನೆಲೆಸಿದ ವಿಂಡೋಸ್ ಎಕ್ಸ್‌ಪಿಯು ತಾನು 2002ರ ಯಂತ್ರವೊಂದರಲ್ಲಿಯೇ ಇದ್ದೇನೆಂದು ನಂಬಿ ನಡೆಯುತ್ತದೆ. ಈ ವಿದ್ಯೆ ಈಚಿನದಲ್ಲ. ಐಬಿಎಂ ಸಂಸ್ಥೆಯು 1960ರ ದಶಕದಲ್ಲಿಯೇ ಇದನ್ನು ಪ್ರಯೋಗಿಸಿ 1972ರಲ್ಲಿ ತನ್ನ ಮಹಾಗಣಕಗಳಿಗೆ ಒದಗಿಸಿತು. ಸಣ್ಣ ಗಣಕಗಳಿಗೆ ವಿಎಂವೇರ್ 1999ರಲ್ಲಿ ತಂದಿತು. ಉಚಿತವಾಗಿ ದೊರೆಯುವ ವರ್ಚುಯಲ್‌ಬಾಕ್ಸ್ 2007ರದು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಆತಿಥೇಯ ಅತಿಥಿಗಳೆರಡೂ ಒಂದೇ ಜಾತಿಯ ಸಂಸ್ಕಾರಕದ ಭಾಷೆಯನ್ನು ಆಡುವುದಾದರೆ ಅತಿಥಿಯ ಆಜ್ಞೆಗಳು ನೇರವಾಗಿ ಸಂಸ್ಕಾರಕದಲ್ಲಿಯೇ ನಡೆಯುತ್ತವೆ. ಇಂಟೆಲ್ ಮತ್ತು ಎಎಂಡಿ ಸಂಸ್ಕಾರಕಗಳು 2005-06ರಿಂದ ಇದಕ್ಕೆ ತಮ್ಮ ಒಡಲಿನಲ್ಲಿಯೇ ನೆರವು ಕೊಟ್ಟಿವೆ. ಜಾತಿ ಬೇರೆಯಾದರೆ, ಉದಾಹರಣೆಗೆ 2020ರ ಬಳಿಕ ಆಪಲ್ ಸಂಸ್ಥೆ ತನ್ನ ಗಣಕಗಳಿಗೆ ತಂದ ಹೊಸ ಜಾತಿಯ ಸಂಸ್ಕಾರಕವಾದರೆ, ಪ್ರತಿಯೊಂದು ಆಜ್ಞೆಯನ್ನೂ ದುಭಾಷಿಯೊಬ್ಬ ಅನುವಾದಿಸಿ ಹೇಳಬೇಕಾಗುತ್ತದೆ. ಅದನ್ನು ಎಮ್ಯುಲೇಶನ್ ಎನ್ನುತ್ತಾರೆ; ಅದೂ ಸಾಧ್ಯ, ಆದರೆ ನಿಧಾನ. ಈ ಕೆಲಸಕ್ಕೆಂದೇ ಗಣಕ ಕೊಳ್ಳುವ ಸಂಸ್ಥೆ ಹಣ ಕೊಡುವ ಮುನ್ನ ಈ ಮಾತನ್ನು ವಿಚಾರಿಸಿಕೊಳ್ಳುವುದು ಯುಕ್ತ.

ಅತಿಥಿಯಾಗಿ ಯಾವುದನ್ನು ಆರಿಸಬೇಕು? ಕಡತ ವಿಂಡೋಸ್ 98ರ ಕಾಲದ್ದಾದರೂ ಮೊದಲು ಎಕ್ಸ್‌ಪಿಯಲ್ಲಿ ಪ್ರಯತ್ನಿಸುವುದು ಒಳ್ಳೆಯದು. ವಿಂಡೋಸ್ 98 ಈಗಿನ ಆಭಾಸಯಂತ್ರಗಳಲ್ಲಿ ತಡವರಿಸುತ್ತದೆ. ಎಕ್ಸ್‌ಪಿ ಸ್ಥಿರವಾಗಿ ನಿಲ್ಲುತ್ತದೆ, ಟೈಪ್ ಒನ್ ಫಾಂಟುಗಳನ್ನು ಹೊರಗಿನ ಸಹಾಯವಿಲ್ಲದೆ ಓದುತ್ತದೆ. ಒಂದು ಸಂಸ್ಕಾರಕ, 512 ಮೆಗಾಬೈಟಿನಿಂದ ಒಂದು ಗಿಗಾಬೈಟಿನವರೆಗಿನ ಸ್ಮೃತಿ, ಹತ್ತು ಇಪ್ಪತ್ತು ಗಿಗಾಬೈಟಿನ ಡಿಸ್ಕು ಇಷ್ಟು ಧಾರಾಳ. ಡಿಸ್ಕನ್ನು ಹಳೆಯ ಐಡಿಇ ಕ್ರಮದಲ್ಲಿ ಜೋಡಿಸಬೇಕು. ಸಾಟಾ ಎಂಬ ಹೊಸ ಕ್ರಮವನ್ನು ಎಕ್ಸ್‌ಪಿ ತಾನಾಗಿ ಅರಿಯದು. ಸ್ಥಾಪನೆಯ ಮೊದಲ ಹೆಜ್ಜೆಯಲ್ಲಿಯೇ ಅನೇಕರು ಎಡವುವುದು ಇಲ್ಲಿ. ಪರವಾನಗಿಯುಳ್ಳ ಪ್ರತಿಯೇ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಚೌರ್ಯವ್ರತವು ತಂತ್ರಾಂಶಕ್ಕೆ ಅನ್ವಯಿಸದೆಂದು ವಾದಿಸುವವರೂ ಉಂಟು, ಅವರೊಡನೆ ಇಲ್ಲಿ ಚರ್ಚೆ ಬೇಡ.

ಎರಡು ಎಚ್ಚರಿಕೆಗಳು ಅತ್ಯವಶ್ಯ. ಎಕ್ಸ್‌ಪಿಗೆ ರಕ್ಷಣೆಯ ಪರಿಷ್ಕಾರಗಳು 2014ರ ಏಪ್ರಿಲ್ 8ಕ್ಕೆ ಮುಗಿದುವು. ಆದ್ದರಿಂದ ಅತಿಥಿಯ ಜಾಲಸಂಪರ್ಕವನ್ನು ಪೂರ್ತಿಯಾಗಿ ಕಡಿದುಹಾಕಬೇಕು. ಉಮ್ಮಚಗಿಯಂಥ ಕಡೆ ಮಳೆಗಾಲದಲ್ಲಿ ಜಾಲ ತಾನಾಗಿಯೇ ಕಡಿದಿರುತ್ತದೆಂದು ವಿನೋದಕ್ಕೆ ಹೇಳಬಹುದಾದರೂ, ವ್ಯವಸ್ಥೆಯಲ್ಲಿ ಕಡಿಯುವುದೇ ಕ್ಷೇಮ. ಕಡತಗಳನ್ನು ಒಳಗೆ ಕಳುಹಿಸಲು ಡಿಸ್ಕಿನ ಪ್ರತಿರೂಪ ಸಾಕು. ಎರಡನೆಯದಾಗಿ, ಎಲ್ಲ ತಂತ್ರಾಂಶಗಳನ್ನೂ ಸ್ಥಾಪಿಸಿ ಕಡತವೊಂದು ಸರಿಯಾಗಿ ತೆರೆದ ಕೂಡಲೆ ಆ ಕ್ಷಣದ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯದಿಂದ ಮುದ್ರಿಸಿಡಬೇಕು. ಆಮೇಲೆ ಏನು ಕೆಟ್ಟರೂ ಆ ಸ್ಥಿತಿಗೆ ಮರಳಬಹುದು. ನಡುವೆ ವಿದ್ಯುತ್ತು ಹೋಗುವ ಊರುಗಳಿಗೆ ಇದರ ಬೆಲೆ ಹೆಚ್ಚು.

ಈ ವಿದ್ಯೆಗೆ ಮೇರೆಗಳೂ ಇವೆ. ಕೆಲವು ಲಿಪಿತಂತ್ರಾಂಶಗಳು ಗಣಕದ ಹಿಂಬದಿಗೆ ಸಿಕ್ಕಿಸುವ ಬೀಗವಿಲ್ಲದೆ ತೆರೆಯುತ್ತಿರಲಿಲ್ಲ. ಯುಎಸ್‌ಬಿ ಬೀಗವಾದರೆ ಅತಿಥಿಗೆ ಒಪ್ಪಿಸಬಹುದು; ಹಳೆಯ ಮುದ್ರಕದ ಕಂಡಿಗೆ ಸಿಕ್ಕಿಸುವ ಬೀಗವಾದರೆ ಬಲು ಕಷ್ಟ. ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡಿನಲ್ಲಿ ಕೆಲಸ ಮಾಡಿದವರ ಸಂಗತಿ ಇನ್ನೂ ಬೇರೆ. ಆ ಕಾರ್ಡು ಗಣಕದೊಳಗೆ ಕೂರಿಸಿದ ನಿಜವಾದ ಯಂತ್ರಭಾಗ. ಆಭಾಸಯಂತ್ರವು ಅದನ್ನು ಸೃಷ್ಟಿಸಲಾರದು. ಆದರೆ ಅಲ್ಲಿ ಅಕ್ಷರಗಳು ತುಂಡುತುಂಡಾಗಿರದೆ ಇಸ್ಕಿ ಎಂಬ ಭಾರತೀಯ ಮಾನಕದಲ್ಲಿ ದಾಖಲಾಗುತ್ತಿದ್ದುವು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಅಂಗೀಕರಿಸಿದ ಆ ಸಂಕೇತದ ವಿವರ ಪ್ರಕಟವಾಗಿಯೇ ಇದೆ, ಯುನಿಕೋಡಿನ ಭಾರತೀಯ ಲಿಪಿಗಳ ಕ್ರಮವೂ ಇಸ್ಕಿಯ ಹಿಂದಿನ ಆವೃತ್ತಿಯನ್ನೇ ಆಧರಿಸಿದ್ದು. ಹೀಗಾಗಿ ತೀರ ಹಳೆಯ ಕಡತವೇ ಸುಲಭವಾಗಿ ಪರಿವರ್ತಿತವಾಗುವ ವಿಪರ್ಯಾಸವನ್ನು ಇಲ್ಲಿ ಕಾಣುತ್ತೇವೆ.

ಪರಿವರ್ತನೆಯ ಮಾತು ಬಂದಿತು. ಹಳೆಯ ಫಾಂಟಿನ ಪಠ್ಯವನ್ನು ಯುನಿಕೋಡಿಗೆ ಮಾರ್ಪಡಿಸುವ ಸಾಧನಗಳು ಸಿದ್ಧವಾಗಿರುವಾಗ ಇಷ್ಟೆಲ್ಲ ಶ್ರಮವೇಕೆಂದು ಕೇಳುವವರುಂಟು. ಆಧುನಿಕ ಗದ್ಯಕ್ಕೆ ಆ ಸಾಧನಗಳು ತಕ್ಕಮಟ್ಟಿಗೆ ಸಾಕು. ಹಳಗನ್ನಡಕ್ಕೆ ಸಾಲವು. ಶಕಟರೇಫವಾದ ಱಕಾರಕ್ಕೂ, ಕೇಶಿರಾಜನು ಕುಳ ಕ್ಷಳಗಳಿಂದ ಬೇರ್ಪಡಿಸಿ ವಿವರಿಸಿದ ರೞಕ್ಕೂ ಸಾಮಾನ್ಯ ಬಳಕೆಯ ಫಾಂಟುಗಳಲ್ಲಿ ಸ್ಥಾನವಿರಲಿಲ್ಲ. ಗ್ರಂಥಸಂಪಾದಕರು ತಮ್ಮ ಅಕ್ಷರಜೋಡಣೆಗಾರರಿಂದ ಆ ಎರಡು ಅಕ್ಷರಗಳನ್ನು ಯಾವುದೋ ಬಳಕೆಯಿಲ್ಲದ ಸ್ಥಾನದಲ್ಲಿ ಸೇರಿಸಿಕೊಳ್ಳುತ್ತಿದ್ದರು. ಪರಿವರ್ತಕಕ್ಕೆ ಆ ಗುಟ್ಟು ತಿಳಿಯದು. ಅದು ಆ ಅಕ್ಷರವನ್ನು ನುಂಗುತ್ತದೆ, ಇಲ್ಲವೆ ಬೇರೆಯದಾಗಿ ಮಾಡುತ್ತದೆ. 'ಅಱಿ' ಎಂಬಲ್ಲಿ ತಿಳಿ ಎಂಬ ಅರ್ಥ. ಅದು 'ಅರಿ'ಯಾದರೆ ಶತ್ರುವೂ ಆಗಬಹುದು, ಕತ್ತರಿಸೆಂಬ ಅರ್ಥವನ್ನೂ ಕೊಡಬಹುದು. 'ಬಾೞ್' ಎಂದರೆ ಬದುಕು, 'ಬಾಳ್' ಎಂದರೆ ಕತ್ತಿ. ಪ್ರಾಸಾಕ್ಷರವನ್ನು ನೋಡಿ ಪಾಠವನ್ನು ನಿರ್ಣಯಿಸುವ ಸಂಪಾದಕನಿಗೆ ಈ ಒಂದಕ್ಷರ ಹೋದರೆ ಉಳಿದ ಸಾಧನವೇನು?

ಯುನಿಕೋಡಿನಲ್ಲಿಯೂ ಈ ರೞಕ್ಕೆ ಒದಗಿದ ಪಾಡು ವಿಚಿತ್ರವಾದುದು. ಅಲ್ಲಿ ಅದಕ್ಕೆ ಸ್ಥಾನ ದೊರೆತಿದೆ, ಆಕಾರವೂ ಸರಿಯಾಗಿದೆ. ಹೆಸರು ಮಾತ್ರ 'ಕನ್ನಡ ಲೆಟರ್ ಫಾ' ಎಂದು ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯುನಿಕೋಡಿನ ನಿಯಮವಾದುದರಿಂದ ತಪ್ಪನ್ನು ಒಪ್ಪಿಕೊಂಡು ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿದ್ದಾರೆ. ಕಂಡಂತೆ ಬರೆದಿದ್ದೇನೆ, ದೋಷ ನನ್ನದಲ್ಲವೆಂದು ನಿವೇದಿಸಿಕೊಳ್ಳುವ ನಮ್ಮ ಲಿಪಿಕಾರರು ಇದನ್ನು ನೋಡಿದ್ದರೆ ನಕ್ಕುಬಿಡುತ್ತಿದ್ದರು.

ರೇಫದ ವಿಷಯವೂ ಹೀಗೆಯೇ. ಅರ್ಕಾವೊತ್ತಿನಿಂದ ಬರೆದುದಕ್ಕೂ, ರಕಾರದ ಕೆಳಗೆ ಒತ್ತಿಟ್ಟು ಬರೆದುದಕ್ಕೂ ಉಚ್ಚಾರದಲ್ಲಿ ಭೇದವಿಲ್ಲ; ಆದರೆ ಪ್ರತಿಯ ಕಾಲವನ್ನೂ ಲಿಪಿಕಾರನ ರೂಢಿಯನ್ನೂ ಊಹಿಸುವವನಿಗೆ ಭೇದವಿದೆ. ಹಳೆಯ ಫಾಂಟಿನಲ್ಲಿ ಎರಡೂ ಬೇರೆಬೇರೆ ತುಂಡುಗಳು. ಯುನಿಕೋಡಿನಲ್ಲಿ ಕಣ್ಣಿಗೆ ಕಾಣದ ಜೋಡಕವೊಂದನ್ನು ನಡುವೆ ಇಟ್ಟರೆ ಮಾತ್ರ ಎರಡನೆಯ ರೂಪ ಬರುತ್ತದೆ. ಅದನ್ನು ಇಡದ ಪರಿವರ್ತಕವು ಎಲ್ಲವನ್ನೂ ಅರ್ಕಾವೊತ್ತಾಗಿ ಏಕರೂಪಗೊಳಿಸಿ ಕೊಡುತ್ತದೆ.

ಆದುದರಿಂದ ಆಭಾಸಯಂತ್ರ ಮತ್ತು ಪರಿವರ್ತನೆ ಪರಸ್ಪರ ವಿರೋಧಿಗಳಲ್ಲ. ಮೊದಲನೆಯದು ಮೂಲಪ್ರತಿಯನ್ನು ತೋರಿಸುತ್ತದೆ, ಎರಡನೆಯದು ಹೊಸ ಪ್ರತಿಯನ್ನು ಮಾಡುತ್ತದೆ. ಮೂಲವನ್ನು ನೋಡದೆ ಪ್ರತಿಯನ್ನು ಒಪ್ಪುವುದು ಗ್ರಂಥಸಂಪಾದನಶಾಸ್ತ್ರಕ್ಕೆ ಸಮ್ಮತವಲ್ಲ. ಅನುಸರಿಸಬೇಕಾದ ಕ್ರಮ ಇದು. ಅತಿಥಿ ಎಕ್ಸ್‌ಪಿಯಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಜಾತಿಯ ಮುದ್ರಕವೊಂದನ್ನು ಹೆಸರಿಗೆ ಸ್ಥಾಪಿಸಿ, ಕಾಗದಕ್ಕೆ ಬದಲು ಕಡತಕ್ಕೆ ಮುದ್ರಿಸುವಂತೆಯೂ ಫಾಂಟುಗಳು ಅದರೊಳಗೆ ಅಡಕವಾಗುವಂತೆಯೂ ಏರ್ಪಡಿಸಬೇಕು. ಆ ಕಡತವನ್ನು ಹೊರತಂದು ಹೊಸ ಗಣಕದಲ್ಲಿ ಪಿಡಿಎಫ್ ಮಾಡಿದರೆ, 2002ರಲ್ಲಿ ಸಂಪಾದಕರು ತೆರೆಯ ಮೇಲೆ ಕಂಡ ಪುಟ, ಅಡಿಟಿಪ್ಪಣಿಯ ಅಂಕೆಯೂ ತಪ್ಪದಂತೆ, ಎಲ್ಲಿಯೂ ಓದಬಲ್ಲ ರೂಪದಲ್ಲಿ ದೊರೆಯುತ್ತದೆ. ಆದರೆ ಅದು ಕಣ್ಣಿಗೆ ಮಾತ್ರ ಕನ್ನಡ. ಅದರಲ್ಲಿ 'ಜಿನ' ಎಂದು ಹುಡುಕಿದರೆ ಒಂದೂ ಸಿಕ್ಕುವುದಿಲ್ಲ. ಒಳಗಿರುವುದು ಹಳೆಯ ಸಂಖ್ಯೆಗಳೇ. ಅನಂತರ ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸಿ, ಈ ಪಿಡಿಎಫನ್ನು ಎದುರಿಗಿಟ್ಟುಕೊಂಡು, ಎರಡು ಓಲೆಪ್ರತಿಗಳನ್ನು ತಾಳೆ ನೋಡುವಂತೆಯೇ ಪದ್ಯಪದ್ಯವಾಗಿ ಒಬ್ಬರು ಓದಿ ಇನ್ನೊಬ್ಬರು ನೋಡಿ ತಿದ್ದಬೇಕು. ಱ ೞಗಳ ಗುಪ್ತಸ್ಥಾನಗಳನ್ನು ಮೊದಲ ಹತ್ತು ಪುಟಗಳಲ್ಲಿಯೇ ಪತ್ತೆಮಾಡಿ ಪರಿವರ್ತಕಕ್ಕೆ ತಿಳಿಸಿದರೆ ಮುಂದಿನ ಶ್ರಮ ಬಹಳಷ್ಟು ಇಳಿಯುತ್ತದೆ.

ಉಳಿಸುವ ವಿಧಾನದ ಬಗೆಗೂ ಒಂದು ಮಾತು. ನಮ್ಮ ಪ್ರತಿಗಳ ಕೊನೆಯಲ್ಲಿ ಗ್ರಂಥಪ್ರಮಾಣವನ್ನು ಹೇಳುವ ಪದ್ಧತಿಯಿದೆ. ಮೂವತ್ತೆರಡು ಅಕ್ಷರಕ್ಕೆ ಒಂದು ಗ್ರಂಥವೆಂಬ ಲೆಕ್ಕದಲ್ಲಿ ಧವಲೆಗೆ 72,000, ಜಯಧವಲೆಗೆ 60,000 ಎಂದು ಪರಂಪರೆ ಹೇಳುತ್ತದೆ. ಎಣಿಕೆ ತಪ್ಪಿದರೆ ಪ್ರತಿಯಲ್ಲಿ ಏನೋ ಬಿಟ್ಟುಹೋಗಿದೆಯೆಂದು ತಿಳಿಯುವ ಉಪಾಯ ಅದು. ಗಣಕದಲ್ಲಿ ಇದೇ ಕಾರ್ಯವನ್ನು ಚೆಕ್‌ಸಮ್ ಎಂಬ ಸಂಖ್ಯೆ ಮಾಡುತ್ತದೆ. ಕಡತದ ಎಲ್ಲ ಅಂಕಿಗಳಿಂದ ಲೆಕ್ಕಹಾಕಿ ಪಡೆದ ಈ ಸಂಖ್ಯೆಯು ಒಂದು ಬಿಟ್ಟು ವ್ಯತ್ಯಾಸವಾದರೂ ಪೂರ್ತಿ ಬೇರೆಯಾಗುತ್ತದೆ. ಆಭಾಸಯಂತ್ರದ ಡಿಸ್ಕು, ಮೂಲ ಡಿಸ್ಕುಗಳ ಪ್ರತಿರೂಪ, ಫಾಂಟುಗಳು, ತಂತ್ರಾಂಶಗಳ ಸ್ಥಾಪನಪ್ರತಿ, ಪಿಡಿಎಫ್, ಯುನಿಕೋಡ್ ಪಠ್ಯ ಇವೆಲ್ಲಕ್ಕೂ ಈ ಸಂಖ್ಯೆಯನ್ನು ಬರೆದ ಒಂದು ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಇಡಬೇಕು. ಯಾವ ಫಾಂಟು, ಯಾವ ಆವೃತ್ತಿ, ಗುಪ್ತಾಕ್ಷರಗಳು ಯಾವ ಸ್ಥಾನದಲ್ಲಿವೆ ಎಂಬುದೂ ಅದರಲ್ಲಿರಬೇಕು. ಅದೇ ಈ ಪ್ರತಿಯ ಪುಷ್ಪಿಕೆ. ಒಂದೇ ಕಡೆ ಇಟ್ಟರೆ ಸಾಲದು. ಪೊನ್ನನ ಶಾಂತಿಪುರಾಣಕ್ಕೆ ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿದಳು; ಇಲ್ಲಿ ಬೇರೆ ಬೇರೆ ಊರುಗಳಲ್ಲಿ ಮೂರು ಪ್ರತಿಗಳಾದರೂ ಇರಲಿ.

ಆಭಾಸಯಂತ್ರವೂ ಶಾಶ್ವತವಲ್ಲ. ಅದನ್ನು ನಡೆಯಿಸುವ ತಂತ್ರಾಂಶ ಹೊಸದಾಗುತ್ತ ಹೋದಂತೆ ಹಳೆಯ ಅತಿಥಿಗೆ ಕೊಡುವ ಬೆಂಬಲ ಕಡಮೆಯಾಗುತ್ತದೆ. ಆದಕಾರಣ ವರ್ಷಕ್ಕೊಮ್ಮೆಯಾದರೂ ಅದನ್ನು ತೆರೆದು, ಒಂದೆರಡು ಕಡತಗಳನ್ನು ಓದಿ, ಚೆಕ್‌ಸಮ್ಮುಗಳನ್ನು ಸರಿನೋಡಬೇಕು. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು ಒರಸಿ ಹೊಸ ವಸ್ತ್ರದಲ್ಲಿ ಕಟ್ಟುವ ಆಚಾರ ನಮ್ಮಲ್ಲಿ ಇದ್ದೇ ಇದೆ. ಈ ಕೆಲಸವನ್ನೂ ಅಂದೇ ಇಟ್ಟುಕೊಳ್ಳಬಹುದು. ಯಲ್ಲಾಪುರ ಶಿರಸಿಗಳ ಕಡೆ ಅಷ್ಟು ಹೊತ್ತಿಗೆ ಮುಂಗಾರು ಇಳಿದಿರುವ ಸಂಭವವಿರುವುದರಿಂದ, ಅಲ್ಲಿಯವರು ಓಲೆಗಳಿಗೆ ಬಿಸಿಲು ತೋರಿಸುವುದನ್ನೂ ಗಣಕವನ್ನು ತೆರೆದು ನೋಡುವುದನ್ನೂ ಫಾಲ್ಗುಣ ಚೈತ್ರಗಳಲ್ಲಿಯೇ ಮುಗಿಸಿ, ಪಂಚಮಿಯಂದು ಪಟ್ಟಿಯನ್ನು ಮಾತ್ರ ಓದಿ ಸಹಿ ಹಾಕುವುದು ಅನುಕೂಲ.